ಮನೆ ಮಾರುವ ಮುಂಚೆ ಮಾಡಿಸಬೇಕಾದ ಸಣ್ಣ ದುರಸ್ತಿ: ಬೆಳಗಾವಿಯ ಮಳೆ ಕಂಡ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿಯ ಶಹಾಪುರದ ನಮ್ಮ ತವರುಮನೆಯನ್ನು ಮಾರೋಣ ಅಂತ ಅಣ್ಣ ತಮ್ಮಂದಿರ ಜೊತೆ ಕೂತು ತೀರ್ಮಾನ ಮಾಡಿದ್ದು ಆಗಸ್ಟ್ ತಿಂಗಳಲ್ಲಿ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಪಡಸಾಲೆಯ ಒಂದು ಗೋಡೆಯಂತೂ ಮುಟ್ಟಿದರೆ ಕೈಗೆ ತೇವ ಹತ್ತುತ್ತಿತ್ತು. ನನಗೆ ಅವಸರ. ಬೇಗ ಬಣ್ಣ ಹೊಡೆಸಿಬಿಟ್ಟರೆ ದಸರೆಯೊಳಗೆ ನಾಲ್ಕು ಜನಕ್ಕೆ ತೋರಿಸಬಹುದು ಅನ್ನುವ ಲೆಕ್ಕ. ಕರೆಸಿದ ಗೌಂಡಿ, ಅಂದರೆ ಗಾರೆ ಕೆಲಸದವರು, ವಯಸ್ಸಾದವರು. ಗೋಡೆ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

"ಅಕ್ಕಾರ, ಈ ಗ್ವಾಡಿ ಇನ್ನಾ ನೀರು ಕುಡಿಯಾಕತ್ತೈತ್ರಿ. ಈಗ ಬಣ್ಣಾ ಹಚ್ಚಿದ್ರ ದೀಪಾವಳಿಯೊಳಗ ಹೊಪ್ಪಳಿ ಏಳತೈತಿ. ಮೊದ್ಲ ನೀರು ಎಲ್ಲಿಂದ ಬರತೈತಿ ಅದನ್ನ ಹುಡುಕೂಣ್ರಿ."

ಅವರ ಮಾತು ಕೇಳಿದ್ದರಿಂದ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಸುರಿಯುವುದು ತಪ್ಪಿತು. ಈ ಮಾರ್ಗದರ್ಶಿಯ ಕ್ರಮವೂ ಅವರದೇ. ಮೊದಲು ನೀರು, ಆಮೇಲೆ ಗೋಡೆ ಒಣಗಲು ಸಮಯ, ಕೊನೆಗೆ ಬಣ್ಣ. ಈ ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ಬಣ್ಣ ತಂದರೂ ಅದು ಗೋಡೆ ಬಿಟ್ಟು ಬರುತ್ತದೆ.

ಯಾವ ತಿಂಗಳಲ್ಲಿ ಏನು ಮಾಡಬೇಕು

ಬೆಳಗಾವಿ ಸಹ್ಯಾದ್ರಿಯ ಮಗ್ಗುಲಲ್ಲೇ ಇರುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜುಲೈನಲ್ಲಂತೂ ಬಟ್ಟೆ ಒಣಗುವುದೇ ಕಷ್ಟ. ಬಟ್ಟೆಯೇ ಒಣಗದಾಗ ಒಂಬತ್ತು ಇಂಚಿನ ಗೋಡೆ ಒಣಗುತ್ತದೆಯೇ? ವಿಜಯಪುರದಲ್ಲಿ ಮನೆ ಮಾಡಿಕೊಂಡಿರುವ ನೆಂಟರು "ನಾವು ಹದಿನೈದು ದಿನದಲ್ಲಿ ಎಲ್ಲ ಮುಗಿಸಿದೆವು" ಅಂದರೆ ನಂಬಿ, ಆದರೆ ಅದನ್ನೇ ಇಲ್ಲಿ ಮಾಡಲು ಹೋಗಬೇಡಿ. ಅಲ್ಲಿನ ಬಿಸಿಲು ಬೇರೆ, ಇಲ್ಲಿನ ಥಂಡಿ ಬೇರೆ.

ನಾನು ಹೇಳುವುದು ಹೀಗೆ. ಜುಲೈ, ಆಗಸ್ಟ್‌ನಲ್ಲಿ ಏನೂ ರಿಪೇರಿ ಮಾಡಿಸಬೇಡಿ, ಬರೀ ನೋಡಿ. ಸೋರುವ ಜಾಗ ತಾನಾಗಿ ಕಾಣಿಸುವುದು ಆಗಲೇ. ಹಸಿಯಾದ ಜಾಗದ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆದಿಡಿ. ಸೆಪ್ಟೆಂಬರ್ ಕೊನೆಗೆ ಬಿಸಿಲು ಬೀಳಲು ಶುರುವಾದ ಮೇಲೆ ತಾರಸಿ ಮತ್ತು ಗಿಲಾವಿನ (ಪ್ಲಾಸ್ಟರಿನ) ಕೆಲಸ. ಅಕ್ಟೋಬರ್‌ನಲ್ಲೂ ಒಂದೆರಡು ಜೋರು ಮಳೆ ಬಂದೇ ಬರುತ್ತದೆ. ಅದೇ ನಿಮ್ಮ ರಿಪೇರಿಗೆ ಪರೀಕ್ಷೆ. ದೀಪಾವಳಿ ಆದಮೇಲೆ ಬಣ್ಣ. ಮನೆ ನೋಡಲು ಬರುವವರು ಹೇಗಿದ್ದರೂ ಪಿತೃಪಕ್ಷದಲ್ಲಿ ಬರುವುದಿಲ್ಲ. ಬೈಲಹೊಂಗಲ, ಗೋಕಾಕ, ಚಿಕ್ಕೋಡಿ ಕಡೆಯಿಂದ ಮಕ್ಕಳ ಓದಿಗಾಗಿ ಬೆಳಗಾವಿಯಲ್ಲಿ ಮನೆ ಹುಡುಕುವವರು ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ವ್ಯವಹಾರ ಮುಗಿಸಲು ನೋಡುತ್ತಾರೆ. ಹಾಗಾಗಿ ಡಿಸೆಂಬರ್ ಹೊತ್ತಿಗೆ ಮನೆ ತಯಾರಾದರೆ ತಡವೇನಲ್ಲ.

ಮಳೆಗಾಲದಲ್ಲೇ ಮಾರಲೇಬೇಕಾದ ತುರ್ತು ಇದ್ದರೆ ಹೊರಗೋಡೆ ಮತ್ತು ಹಸಿ ಗೋಡೆಗಳನ್ನು ಮುಟ್ಟಬೇಡಿ. ನಳ, ಚಿಲಕ, ನೆಲ, ಸ್ವಿಚ್ಚು ಇಷ್ಟನ್ನೇ ಸರಿಮಾಡಿಸಿ. ಹಸಿ ಎಲ್ಲಿದೆ ಅಂತ ಬಾಯಿಬಿಟ್ಟು ಹೇಳಿ.

ಹಂತ 1: ನೋಟ್‌ಬುಕ್ ಹಿಡಿದು ಒಂದು ಸುತ್ತು

ನಾವು ಹುಟ್ಟಿ ಬೆಳೆದ ಮನೆಯ ಕುಂದು ನಮಗೆ ಕಾಣುವುದಿಲ್ಲ. ಅಡುಗೆಮನೆ ಬಾಗಿಲನ್ನು ಮೇಲೆತ್ತಿ ಹಾಕಬೇಕು ಅನ್ನುವುದು ನಮ್ಮ ಕೈಗೆ ರೂಢಿಯಾಗಿರುತ್ತದೆ. ಹೊಸಬರಿಗೆ ಅದೇ ಮೊದಲು ಕಾಣುವ ದೋಷ. ಹಾಗಾಗಿ ಬೇರೆ ಊರಿನ ಗೆಳತಿಯನ್ನೋ ಸೋದರತ್ತೆಯನ್ನೋ ಕರೆದು, "ನೀವೇ ಕೊಳ್ಳುವವರು ಅಂದುಕೊಂಡು ನೋಡಿ" ಅನ್ನಿ. ಅವರು ಮುಂದೆ ನಡೆಯಲಿ, ನೀವು ಹಿಂದೆ ಬರೆದುಕೊಳ್ಳಿ. ನಡುವೆ ಮಾತಾಡಬೇಡಿ, ಸಮಜಾಯಿಷಿ ಕೊಡಬೇಡಿ. ಗೇಟಿನಿಂದ ಶುರು ಮಾಡಿ ತಾರಸಿಯಲ್ಲಿ ಮುಗಿಸಿ. ಎಲ್ಲ ಬಾಗಿಲು ತೆಗೆದು ಹಾಕಲಿ, ಎಲ್ಲ ನಳ ತಿರುಗಿಸಲಿ, ಎಲ್ಲ ಸ್ವಿಚ್ಚು ಒತ್ತಲಿ.

ಪಟ್ಟಿ ಉದ್ದವಾಗಿಯೇ ಇರುತ್ತದೆ. ನಮ್ಮದು ನಾಲ್ಕು ಪುಟ ಆಗಿತ್ತು. ಅದರಲ್ಲಿ ನೀರಿಗೆ ಸಂಬಂಧಪಟ್ಟ ಪ್ರತಿಯೊಂದರ ಪಕ್ಕ "ನೀ" ಅಂತ ಬರೆಯಿರಿ. ಕೆಲಸ ಅಲ್ಲಿಂದ ಶುರು.

ಇನ್ನು ಪಟ್ಟಿಯಿಂದ ಕೆಲವನ್ನು ಹೊಡೆದು ಹಾಕಬೇಕು. ಅಡುಗೆಮನೆಗೆ ಹೊಸ ಕಪಾಟು, ಎಲ್ಲ ಕೋಣೆಗೂ ಹೊಸ ಟೈಲ್ಸು, ಫಾಲ್ಸ್ ಸೀಲಿಂಗ್, ಇವಕ್ಕೆ ಕೈ ಹಾಕಬೇಡಿ. ಕೊಳ್ಳುವವರು ವಾಸ್ತು ನೋಡಿ ಒಲೆಯ ದಿಕ್ಕನ್ನೇ ಬದಲಿಸಬಹುದು. ಅವರ ರುಚಿ ಅವರಿಗೆ. ಅವರು ಒಡೆದು ಹಾಕುವುದಕ್ಕೆ ನೀವು ಲಕ್ಷ ಖರ್ಚು ಮಾಡುವುದು ಯಾಕೆ?

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸರಿಮಾಡುವುದು ಬೇರೆ, ಮುಚ್ಚಿಡುವುದು ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರು ಸಾಮಾನ್ಯವಾಗಿ ನೋಡಿದರೆ ಗೊತ್ತಾಗದಂಥ ದೊಡ್ಡ ದೋಷವನ್ನು ಮಾರುವವರೇ ಹೇಳಬೇಕು. ಸೋರುವ ಸ್ಲ್ಯಾಬಿನ ಕೆಳಗೆ ಪಿಒಪಿ ಹಾಕಿಸಿ, ಹಸಿ ಗೋಡೆಗೆ ಪ್ಲಾಸ್ಟಿಕ್ ಪ್ಯಾನೆಲ್ ಹೊಡೆಸಿ ಮಾರುವವರನ್ನು ನಾನು ನೋಡಿದ್ದೇನೆ. ಕಾಯ್ದೆ ಪಕ್ಕಕ್ಕಿರಲಿ, ಜೀವಮಾನದ ಉಳಿತಾಯ ಹಾಕಿ ಮನೆ ಕೊಳ್ಳುವ ಸಂಸಾರಕ್ಕೆ ಹಾಗೆ ಮಾಡಬಾರದು.

ಹಂತ 2: ನೀರು ಎಲ್ಲಿಂದ ಬರುತ್ತಿದೆ

ಕಲೆ ಎಲ್ಲಿದೆ ಅನ್ನುವುದೇ ಅರ್ಧ ಉತ್ತರ ಹೇಳುತ್ತದೆ.

ಗೋಡೆಯ ಮೇಲ್ಮೂಲೆಯಲ್ಲಿ, ಸೀಲಿಂಗಿಗೆ ಹತ್ತಿಕೊಂಡು ಕಲೆ ಇದ್ದರೆ ತಾರಸಿ ನೋಡಿ. ಕಿಟಕಿಯ ಮೇಲೋ ಕೆಳಗೋ ಇದ್ದರೆ ಸಜ್ಜಾದ (ಕಿಟಕಿಯ ಮೇಲಿನ ಚಾಚಿನ) ಬಿರುಕು ಅಥವಾ ಕಿಟಕಿ ಚೌಕಟ್ಟಿನ ಸಂದು. ಬಚ್ಚಲಿನ ಪಕ್ಕದ ಗೋಡೆಯಲ್ಲಿ ಬೇಸಿಗೆಯಲ್ಲೂ ಹಸಿ ಇದ್ದರೆ ಅದು ಮಳೆಯ ನೀರಲ್ಲ, ಪೈಪಿನದು ಇಲ್ಲವೇ ಟೈಲ್ಸ್ ಸಂದಿಯದು. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಉದ್ದಕ್ಕೂ ಹಸಿ ಏರಿ, ಅದರ ಅಂಚಿನಲ್ಲಿ ಬಿಳಿ ಉಪ್ಪು ಕಾಣಿಸಿದರೆ ನೀರು ಪಾಯದಿಂದ ಮೇಲೆ ಬರುತ್ತಿದೆ.

ಸಂಶಯ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪ್ ಹಚ್ಚಿ. ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿಗೆ, ಅಂದರೆ ಗೋಡೆಯ ಕಡೆ, ಹನಿ ಕೂತಿದ್ದರೆ ನೀರು ಗೋಡೆಯೊಳಗಿದೆ. ಕೋಣೆಯ ಕಡೆ ಹನಿ ಕೂತಿದ್ದರೆ ಅದು ಗಾಳಿಯ ತೇವ. ಎರಡನೆಯದಕ್ಕೆ ಕಿಟಕಿ ತೆರೆದು ಗಾಳಿ ಆಡುವಂತೆ ಮಾಡಿದರೆ ಸಾಕು. ಗೋಡೆಗೆ ಒತ್ತಿ ಇಟ್ಟ ತಿಜೋರಿ, ಹಾಸಿಗೆ ರಾಶಿ ಇವನ್ನು ಅರ್ಧ ಅಡಿ ಮುಂದೆ ಎಳೆದಿಡಿ.

ತಾರಸಿಯಲ್ಲಿ ಮೊದಲು ನೋಡಬೇಕಾದ್ದು ಮಳೆನೀರಿನ ಪೈಪಿನ ಬಾಯಿ. ಎಲೆ, ಮಣ್ಣು, ಗಾಳಿಪಟದ ದಾರ, ಏನೆಲ್ಲ ಸಿಕ್ಕಿಕೊಂಡಿರುತ್ತದೆ. ನಮ್ಮ ಮನೆಯಲ್ಲಿ ಸೋರಿಕೆಯ ಅರ್ಧ ಪಾಲು ಇಷ್ಟೇ ಆಗಿತ್ತು. ನೀರು ಹೋಗಲು ದಾರಿ ಇಲ್ಲದೆ ನಿಂತು ನಿಂತು ಇಳಿಯುತ್ತಿತ್ತು. ಆಮೇಲೆ ತಾರಸಿ ಅಂಚಿನ ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆ ನೋಡಿ. ಬಿರುಕು ಬಿಡುವುದು ಬಹಳ ಸಲ ಅಲ್ಲೇ.

ಜಾಗ ಗೊತ್ತಾಗದಿದ್ದರೆ ಪೈಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ನೋಡುವ ಪದ್ಧತಿ ಇದೆ. ಇದನ್ನು ಮಾಡುವ ಮುಂಚೆ ತೂಕದ ಲೆಕ್ಕ ಗೊತ್ತಿರಲಿ. 100 ಚದರ ಅಡಿಯ ಮೇಲೆ ಎರಡು ಇಂಚು ನೀರು ಅಂದರೆ ಸುಮಾರು 470 ಕಿಲೋ ಭಾರ. ಸ್ಲ್ಯಾಬಿನ ಕೆಳಗೆ ಕಬ್ಬಿಣದ ಸರಳು ಹೊರಗೆ ಕಾಣುತ್ತಿದ್ದರೆ, ಕಾಂಕ್ರೀಟು ಉದುರುತ್ತಿದ್ದರೆ ಈ ಪರೀಕ್ಷೆ ಬೇಡವೇ ಬೇಡ. ಅದು ಸಣ್ಣ ದುರಸ್ತಿಯ ವಿಷಯವೂ ಅಲ್ಲ, ಇಂಜಿನಿಯರ್ ಕರೆಸಿ.

ಬಿರುಕು ಸಿಕ್ಕಿದ ಮೇಲೆ ಅದರ ಮೇಲೆ ಸುಮ್ನೆ ಸಿಮೆಂಟ್ ಸವರಿದರೆ ಒಂದು ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಬಿರುಕನ್ನು ಉಳಿಯಿಂದ ಸ್ವಲ್ಪ ಅಗಲ ಮಾಡಬೇಕು. ಧೂಳು ಪೂರ್ತಿ ತೆಗೆಯಬೇಕು. ಆಮೇಲೆ ಸಿಮೆಂಟು ಮತ್ತು ಉಸುಕಿಗೆ ವಾಟರ್‌ಪ್ರೂಫಿಂಗ್ ದ್ರಾವಣ ಬೆರೆಸಿ ಒತ್ತಿ ತುಂಬಬೇಕು. ಅದು ಗಟ್ಟಿಯಾದ ಮೇಲೆ ಇಡೀ ತಾರಸಿಗೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ. ಮೊದಲ ಕೋಟು ಉದ್ದಕ್ಕೆ ಹಚ್ಚಿದ್ದರೆ ಎರಡನೆಯದು ಅಡ್ಡಕ್ಕೆ. ಪ್ಯಾರಾಪೆಟ್ ಗೋಡೆಯ ಮೇಲೂ ಒಂದು ಅಡಿ ಹತ್ತಿಸಿ. ಹಸಿರು ಪಾಚಿ ಇದ್ದರೆ ಮೊದಲೇ ಉಜ್ಜಿ ತೆಗೆದಿರಬೇಕು. ಪಾಚಿಯ ಮೇಲೆ ಯಾವ ಕೋಟಿಂಗೂ ಹಿಡಿಯುವುದಿಲ್ಲ.

ಹಂಚಿನ ಮನೆಯಾದರೆ ಕೆಲಸ ಇನ್ನೂ ಸುಲಭ. ಹಗಲು ಹೊತ್ತು ಅಟ್ಟ ಹತ್ತಿ ದೀಪ ಆರಿಸಿ ನೋಡಿ. ಬೆಳಕು ಬರುವ ತೂತು ಕಾಣಿಸುತ್ತದೆ. ಒಡೆದ ಹಂಚು, ಜಾರಿದ ಹಂಚು ಬದಲಿಸಿ. ಮಳೆಗಾಲ ಮುಗಿದ ಕೂಡಲೇ ಹಂಚಿನ ಮೇಲೆ ಕಾಲಿಡಬೇಡಿ, ಪಾಚಿ ಜಾರುತ್ತದೆ. ಅಭ್ಯಾಸ ಇರುವವರನ್ನೇ ಹತ್ತಿಸಿ. ಕತ್ತಲು ಕೋಣೆ ಇದ್ದರೆ ಆ ಕೆಲಸದ ಜೊತೆಗೇ ಒಂದೋ ಎರಡೋ ಗಾಜಿನ ಹಂಚು ಹಾಕಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಒಂದು ಕೋಣೆಯ ಮುಖವೇ ಬದಲಾಗುವುದು ಬೇರೆ ಯಾವುದರಿಂದಲೂ ಇಲ್ಲ.

ಪಾಯದಿಂದ ಏರುವ ಹಸಿಗೆ ಅಗ್ಗದ ಮದ್ದಿಲ್ಲ. ಗೋಡೆಯ ಬುಡದಲ್ಲಿ ತೂತು ಕೊರೆದು ರಾಸಾಯನಿಕ ತುಂಬುವ ಪದ್ಧತಿ ಇದೆ, ಆದರೆ ಅದು ದೊಡ್ಡ ಕೆಲಸ. ಮಾರುವವರು ಮಾಡಬಹುದಾದ್ದು ಇಷ್ಟು: ಗೋಡೆಯ ಹೊರಬುಡದಲ್ಲಿ ಮಣ್ಣು ರಾಶಿ ಬಿದ್ದಿದ್ದರೆ ತೆಗೆಸಿ, ನೀರು ಮನೆಯಿಂದ ಆಚೆ ಹರಿಯುವಂತೆ ಇಳಿಜಾರು ಮಾಡಿಸಿ. ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಉಳಿದದ್ದನ್ನು ಕೊಳ್ಳುವವರಿಗೆ ಹೇಳಿ, ಬೆಲೆಯಲ್ಲಿ ನೋಡಿಕೊಳ್ಳಿ.

ಹಂತ 3: ಬಿರುಕು

ಮನೆ ನೋಡಲು ಬಂದವರು ಬಿರುಕು ಕಂಡ ಕೂಡಲೇ ಹೆದರುತ್ತಾರೆ. ಎಲ್ಲ ಬಿರುಕೂ ಹೆದರುವಂಥದ್ದಲ್ಲ. ಜೇಡರ ಬಲೆಯ ಹಾಗೆ ಹರಡಿದ ಕೂದಲೆಳೆಯ ಬಿರುಕು ಬರೀ ಗಿಲಾವಿನದು. ಸಿಮೆಂಟ್ ಒಣಗುವಾಗ ಕುಗ್ಗಿ ಬಂದದ್ದು. ಬೀಮು ಮತ್ತು ಇಟ್ಟಿಗೆ ಗೋಡೆ ಕೂಡುವಲ್ಲಿ ಅಡ್ಡಕ್ಕೆ ನೇರ ಗೆರೆ ಬರುವುದೂ ಸಾಮಾನ್ಯ. ಕಾಂಕ್ರೀಟು ಮತ್ತು ಇಟ್ಟಿಗೆ ಬಿಸಿಲಿಗೆ ಬೇರೆ ಬೇರೆ ರೀತಿ ಹಿಗ್ಗುತ್ತವೆ, ನಡುವೆ ಸಂದು ಬಿಡುತ್ತದೆ.

ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು, ಒಂದು ತುದಿ ಅಗಲ ಇನ್ನೊಂದು ತುದಿ ಸಣ್ಣ ಇರುವ ಬಿರುಕನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಪಾಯ ಕುಸಿದಿರಬಹುದು. ಬೆಳಗಾವಿಯಿಂದ ಮೂಡಲಕ್ಕೆ ಹೋದಂತೆ ಎರೆಮಣ್ಣು ಜಾಸ್ತಿ. ಎರೆ ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಮೇಲಿನ ಮನೆಯೂ ಜೊತೆಗೆ ಅಲುಗುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ತಾರೀಕು ಬರೆದು ಎರಡು ತಿಂಗಳು ಕಾಯಿರಿ. ಗುರುತು ದಾಟಿ ಬೆಳೆದರೆ ಇಂಜಿನಿಯರ್‌ಗೆ ತೋರಿಸಿ. ಬಿರುಕಿನೊಳಗೆ ಪೆನ್ಸಿಲ್ಲೇ ಹೋಗುವಷ್ಟು ಅಗಲ ಇದ್ದರೆ ಕಾಯುವುದೂ ಬೇಡ.

ಬೆಳೆಯದ ಬಿರುಕನ್ನು ತುಂಬುವುದು ಕಷ್ಟವಲ್ಲ. ಹಳೆ ಚಾಕುವಿನಿಂದ ಕೆರೆದು ಬಾಯಿ ಅಗಲಿಸಿ, ಬ್ರಷ್‌ನಿಂದ ಧೂಳು ತೆಗೆದು, ಪೇಂಟ್ ಅಂಗಡಿಯಲ್ಲಿ ಸಿಗುವ ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಿ. ಒಣಗಿದರೆ ಸ್ವಲ್ಪ ಕುಗ್ಗುತ್ತದೆ, ಮಾರನೆಯ ದಿನ ಇನ್ನೊಮ್ಮೆ ತುಂಬಿ. ಬೀಮಿನ ಸಂದಿಗೆ ಗಟ್ಟಿ ಸಿಮೆಂಟ್ ಹಾಕಬೇಡಿ, ಮತ್ತೆ ಬಿಡುತ್ತದೆ. ಹಿಗ್ಗಿ ಕುಗ್ಗುವ ಅಕ್ರಿಲಿಕ್ ಫಿಲ್ಲರ್ ಹಾಕಿ, ಅದರ ಮೇಲೆ ಫೈಬರ್ ಜಾಳಿಗೆಯ ಟೇಪ್ ಹಚ್ಚಿ, ಮೇಲಿಂದ ಗೋಡೆ ನುಣುಪು ಮಾಡುವ ಪುಟ್ಟಿಯನ್ನು ತೆಳ್ಳಗೆ ಎಳೆಯಿರಿ.

ಹಂತ 4: ಗಿಲಾವು ಮತ್ತು ಪುಟ್ಟಿ

ಗೋಡೆಯನ್ನು ಕೀಲಿಕೈಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಬಂದರೆ ಒಳ್ಳೆಯದು. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದಲ್ಲಿ ಗಿಲಾವು ಗೋಡೆ ಬಿಟ್ಟಿದೆ. ಅಲ್ಲಿ ಎಷ್ಟು ಪುಟ್ಟಿ ಬಳಿದರೂ ಅಷ್ಟೂ ಒಟ್ಟಿಗೆ ಬೀಳುತ್ತದೆ. ಟೊಳ್ಳು ಭಾಗವನ್ನು ಚೌಕವಾಗಿ ಕೊರೆದು ತೆಗೆಸಿ, ಇಟ್ಟಿಗೆಗೆ ನೀರು ಚಿಮುಕಿಸಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಜರಡಿ ಹಿಡಿದ ಉಸುಕು ಹಾಕಿ ಗಿಲಾವು ಮಾಡಿಸಿ. ಏಳು ದಿನ ದಿನಕ್ಕೆರಡು ಸಲ ನೀರುಣಿಸಿ. ಆಮೇಲೆ ಒಣಗಲು ಬಿಡಿ. ಹೊಸ ಗಿಲಾವು ಬಣ್ಣಕ್ಕೆ ತಯಾರಾಗಲು ಸುಮಾರು 28 ದಿನ ಬೇಕು. ಹೊಸ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ, ಅದಕ್ಕೇ ಈ ಕಾಯುವಿಕೆ. ಈ 28 ದಿನವನ್ನು ಎಲ್ಲರೂ ಕಡಿಮೆ ಮಾಡಲು ನೋಡುತ್ತಾರೆ. ನಾನೂ ನೋಡಿದ್ದೆ. ಗೌಂಡಿ ಬಿಡಲಿಲ್ಲ.

ಹಳೆಯ ಮನೆಯಲ್ಲಿ ವರ್ಷ ವರ್ಷ ಹೊಡೆದ ಸುಣ್ಣದ ಪದರ ಇರುತ್ತದೆ. ಕೈಯಿಂದ ಸವರಿದರೆ ಪುಡಿ ಹತ್ತಿದರೆ, ಅದರ ಮೇಲೆ ನೇರವಾಗಿ ಪುಟ್ಟಿಯನ್ನಾಗಲಿ ಇಮಲ್ಷನ್ ಅನ್ನುವ ನೀರಿನ ಬಣ್ಣವನ್ನಾಗಲಿ ಹಚ್ಚಬೇಡಿ. ಬಣ್ಣ ಸುಣ್ಣಕ್ಕೆ ಹಿಡಿಯುತ್ತದೆ, ಸುಣ್ಣ ಗೋಡೆ ಬಿಡುತ್ತದೆ. ಕೆರೆಯುವ ಕಬ್ಬಿಣದ ಪಟ್ಟಿಯಿಂದ ಕೆರೆದು, ಪಾಲಿಶ್ ಪೇಪರ್ ಉಜ್ಜಿ, ಒರೆಸಿ, ಪ್ರೈಮರ್ ಹೊಡೆದ ಮೇಲೆಯೇ ಮುಂದಿನದು.

ಪುಟ್ಟಿ ಕಲಸುವಾಗ ನೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ. ಗಂಟು ಒಡೆಯುವಂತೆ ಕಲಸಿ ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಿ. ಎರಡು ಗಂಟೆಯೊಳಗೆ ಮುಗಿಯುವಷ್ಟೇ ಕಲಸಿ. ಗಟ್ಟಿಯಾಗಿದ್ದಕ್ಕೆ ಮತ್ತೆ ನೀರು ಹಾಕಿ ಬಳಸಿದರೆ ಅದು ಉದುರುತ್ತದೆ. ಒಂದು ಕೋಟು ಒಂದೂವರೆ ಮಿಲಿಮೀಟರ್‌ಗಿಂತ ದಪ್ಪ ಬೇಡ. ಎರಡು ಕೋಟಿನ ನಡುವೆ ಒಂದು ರಾತ್ರಿ ಬಿಡಿ. ಉಜ್ಜುವಾಗ ಬಾಯಿ ಮೂಗಿಗೆ ಮಾಸ್ಕ್ ಇರಲಿ.

ಹಂತ 5: ಬಣ್ಣ

ಇಡೀ ಮನೆಗೆ ಬಣ್ಣ ಹೊಡೆಸಲು ರೊಕ್ಕ ಇಲ್ಲದಿದ್ದರೆ ಚಿಂತೆ ಬೇಡ. ಪಡಸಾಲೆ, ಅಡುಗೆಮನೆ, ಮನೆಯ ಮುಂಭಾಗ, ಈ ಮೂರಕ್ಕೆ ಹೊಡೆಸಿ. ಉಳಿದ ಕೋಣೆಗಳಲ್ಲಿ ಕಲೆ ಇರುವ ಗೋಡೆಗೆ ಮಾತ್ರ ಸಾಕು. ಒಂದು ಎಚ್ಚರಿಕೆ ಇದೆ. ಗೋಡೆಯ ಮಧ್ಯೆ ಅಂಗೈ ಅಗಲ ಬಣ್ಣ ತೇಪೆ ಹಾಕಿದರೆ ಅದು ತೇಪೆಯಾಗಿಯೇ ಕಾಣುತ್ತದೆ. ಡಬ್ಬದ ಮೇಲಿನ ಶೇಡ್ ನಂಬರ್ ಅದೇ ಆಗಿದ್ದರೂ ಗೋಡೆಯ ಬಣ್ಣ ವರ್ಷಗಳಲ್ಲಿ ಮಾಸಿರುತ್ತದೆ. ಹೊಡೆಸಿದರೆ ಈ ಮೂಲೆಯಿಂದ ಆ ಮೂಲೆವರೆಗೆ ಪೂರ್ತಿ ಗೋಡೆ ಹೊಡೆಸಿ.

ಲೆಕ್ಕ ಹೀಗೆ. 12 ಅಡಿಗೆ 10 ಅಡಿ ಕೋಣೆ, ಎತ್ತರ 10 ಅಡಿ. ನಾಲ್ಕು ಗೋಡೆಯ ಸುತ್ತಳತೆ 44 ಅಡಿ. ಅದನ್ನು 10ರಿಂದ ಗುಣಿಸಿದರೆ 440 ಚದರ ಅಡಿ. ಮೂರಕ್ಕೆ ಏಳರ ಒಂದು ಬಾಗಿಲು 21, ನಾಲ್ಕಕ್ಕೆ ನಾಲ್ಕರ ಎರಡು ಕಿಟಕಿ 32, ಎರಡನ್ನೂ ಕಳೆದರೆ 387. ಸೀಲಿಂಗ್ 120 ಬೇರೆ. ಡಬ್ಬದ ಮೇಲೆ ಒಂದು ಲೀಟರ್ ಎಷ್ಟು ಚದರ ಅಡಿಗೆ ಬರುತ್ತದೆ ಅಂತ ಬರೆದಿರುತ್ತದೆ. ಅದು ಒಂದು ಕೋಟಿಗೋ ಎರಡಕ್ಕೋ ಅಂತ ಕಣ್ಣಿಟ್ಟು ಓದಿ. ಈ ಲೆಕ್ಕ ಕೈಯಲ್ಲಿದ್ದರೆ ಅಂಗಡಿಯಲ್ಲೂ ಪೇಂಟರ್ ಹತ್ತಿರವೂ ಮಾತಾಡುವುದು ಸುಲಭ.

ಬಣ್ಣ ತಿಳಿಯಾಗಿರಲಿ. ಕೆನೆ ಬಿಳಿ, ತಿಳಿ ಹಳದಿ, ತೀರಾ ತೆಳು ಬೂದು, ಇಂಥವು. ಸೀಲಿಂಗ್ ಬಿಳಿಯೇ ಇರಲಿ. ಹೊಳೆಯುವ ಬಣ್ಣ ಗೋಡೆಯ ಉಬ್ಬು ತಗ್ಗನ್ನು ಎತ್ತಿ ತೋರಿಸುತ್ತದೆ. ಹಳೆ ಗೋಡೆಗೆ ಹೊಳಪಿಲ್ಲದ ಮ್ಯಾಟ್ ಬಣ್ಣವೇ ಚೆಂದ.

ನಮ್ಮ ಮನೆಗಳಲ್ಲಿ ಎರಡು ಕಲೆ ವಿಶೇಷ. ಒಂದು ದೇವರ ಕೋಣೆಯ ದೀಪದ ಮಸಿ, ಇನ್ನೊಂದು ಒಗ್ಗರಣೆಯ ಎಣ್ಣೆ ಜಿಡ್ಡು. ನೇರವಾಗಿ ಬಣ್ಣ ಹೊಡೆದರೆ ಎರಡೂ ಹಳದಿಯಾಗಿ ಹೊರಗೆ ಬರುತ್ತವೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಕೈಗವಸು ತೊಟ್ಟು ಉಜ್ಜಿ, ಚೊಕ್ಕ ನೀರಿನಿಂದ ಒರೆಸಿ ಒಣಗಿಸಿ. ಆಮೇಲೂ ನೆರಳು ಉಳಿದರೆ ಅಷ್ಟು ಭಾಗಕ್ಕೆ ಆಯಿಲ್ ಪ್ರೈಮರ್ ಹಚ್ಚಿ. ಒಣಗಿದ ನೀರಿನ ಕಲೆಗೂ ಇದೇ ಉಪಾಯ. ನೀರಿನ ಬಣ್ಣದಲ್ಲಿ ಈ ಕಲೆಗಳು ಕರಗಿ ಮೇಲೇಳುತ್ತವೆ, ಆಯಿಲ್ ಪ್ರೈಮರ್ ಅವನ್ನು ತಡೆದು ಹಿಡಿಯುತ್ತದೆ.

ಕಾಂಪೌಂಡ್ ಗೋಡೆ ನಮ್ಮಲ್ಲಿ ಎರಡು ಮಳೆಗಾಲಕ್ಕೇ ಕಪ್ಪಾಗುತ್ತದೆ. ಬ್ಲೀಚಿಂಗ್ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಗಟ್ಟಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಗಿಡಗಳ ಬುಡಕ್ಕೆ ಆ ನೀರು ಹೋಗದಿರಲಿ. ಕೆಲವು ಸಲ ತೊಳೆದ ಮೇಲೆ ಬಣ್ಣವೇ ಬೇಡ ಅನ್ನಿಸುವಷ್ಟು ಚೊಕ್ಕ ಆಗುತ್ತದೆ.

ಹಂತ 6: ನೆಲ

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಶಹಾಬಾದ್ ಫರಸಿಗೆ, ಅಂದರೆ ನೆಲಕ್ಕೆ ಹಾಸಿದ ಕಲ್ಲಿಗೆ, ಆಸಿಡ್ ಹಾಕಬೇಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆಸಿಡ್ ಬಿದ್ದ ಕೂಡಲೇ ಬುರುಗು ಬರುತ್ತದಲ್ವಾ, ಅದು ಕೊಳೆ ಹೋಗುವ ಬುರುಗಲ್ಲ, ಕಲ್ಲೇ ಕರಗುವ ಬುರುಗು. ಮೇಲಿನ ಹೊಳಪು ಹೋಗಿ ನೆಲ ಒರಟಾಗುತ್ತದೆ, ಮುಂದೆ ಇನ್ನೂ ಬೇಗ ಕೊಳೆ ಹಿಡಿಯುತ್ತದೆ. ಅಡುಗೆಮನೆ ಕಟ್ಟೆಯ ಕಪ್ಪು ಕಡಪಾ ಕಲ್ಲು, ಮೊಸಾಯಿಕ್ ಟೈಲ್ಸು ಇವಕ್ಕೂ ಇದೇ ಮಾತು. ಕಡಪಾ ಕಲ್ಲಿನ ಮೇಲೆ ನಿಂಬೆರಸ ಬಿದ್ದು ಬೆಳ್ಳಗಾದ ಕಲೆ ನೀವೂ ನೋಡಿರುತ್ತೀರಿ.

ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಷ್. ಎರಡು ದಿನ ಮಂಡಿಯೂರಿ ಉಜ್ಜಿದರೆ ಫರಸಿಯ ಬಣ್ಣ ವಾಪಸ್ ಬರುತ್ತದೆ. ಮೊಸಾಯಿಕ್ ತೀರಾ ಮಂಕಾಗಿದ್ದರೆ ಪಾಲಿಶ್ ಮಷೀನಿನವರನ್ನು ಕರೆಸಿ. ಅದನ್ನು ಬಣ್ಣಕ್ಕಿಂತ ಮುಂಚೆ ಮಾಡಿಸಿ, ಯಾಕೆಂದರೆ ಪಾಲಿಶಿನ ಕೆಸರು ಗೋಡೆಗೆ ಸಿಡಿಯುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ನಿಮ್ಮ ಅದೃಷ್ಟ. ಅದನ್ನು ಕಿತ್ತು ಟೈಲ್ಸ್ ಹಾಕಿಸಬೇಡಿ. ತೊಳೆದು ಪೂರ್ತಿ ಒಣಗಿಸಿ, ನೆಲದ ಮೇಣ ತೆಳ್ಳಗೆ ಹಚ್ಚಿ ಹಳೆ ಹತ್ತಿ ಸೀರೆಯಿಂದ ತಿಕ್ಕಿ. ಅಮ್ಮ ಹಬ್ಬಕ್ಕೆ ಹೀಗೇ ತಿಕ್ಕುತ್ತಿದ್ದಳು. ನಮ್ಮ ಮನೆ ಕೊಂಡವರು ಮೊದಲು ಕೇಳಿದ್ದೇ ಆ ನೆಲದ ಬಗ್ಗೆ.

ಹಂತ 7: ಬಚ್ಚಲು ಮತ್ತು ನಳ

ತೊಟ್ಟಿಕ್ಕುವ ನಳಕ್ಕೆ ಬಹಳ ಸಲ ವಾಶರ್ ಬದಲಿಸಿದರೆ ಸಾಕು. ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿ, ನಳದ ತಲೆ ಬಿಚ್ಚಿ, ಹಳೆ ವಾಶರ್ ತೆಗೆದುಕೊಂಡೇ ಅಂಗಡಿಗೆ ಹೋಗಿ. ಅಳತೆ ತಪ್ಪುವುದಿಲ್ಲ. ಗೋಡೆಗೆ ಕೂಡುವಲ್ಲಿ ಜಿನುಗಿದರೆ ನಳ ಪೂರ್ತಿ ಬಿಚ್ಚಿ, ಅದರ ತಿರುಪಿನ ಗೆರೆಗಳಿಗೆ ಟೆಫ್ಲಾನ್ ಟೇಪನ್ನು ಬಿಗಿ ಮಾಡುವ ದಿಕ್ಕಿಗೇ ಹತ್ತು ಸುತ್ತು ಸುತ್ತಿ ಹಾಕಿ.

ಬೋರಿನ ನೀರಿನ ಬಿಳಿ ಪದರ ಸ್ಟೀಲ್ ನಳದ ಮೇಲೆ ಕೂತಿದ್ದರೆ ವಿನಿಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಡಿ, ಆಮೇಲೆ ಉಜ್ಜಿ ತೊಳೆಯಿರಿ. ಶವರಿನ ತೂತು ಮುಚ್ಚಿದ್ದರೂ ಇದೇ ಮದ್ದು. ಟೈಲ್ಸ್ ಸಂದಿ ಕಪ್ಪಾಗಿದ್ದರೆ ಮೇಲೆ ಬಿಳಿ ಸಿಮೆಂಟ್ ಸವರಬೇಡಿ. ಹಳೆಯದನ್ನು ಎರಡು ಮೂರು ಮಿಲಿಮೀಟರ್ ಆಳ ಕೆರೆದು ತೆಗೆದು ಹೊಸ ಗ್ರೌಟ್ ತುಂಬಿ. ಪಕ್ಕದ ಕೋಣೆಯ ಹಸಿ ಗೋಡೆಗೂ ಇದರಿಂದ ಬಿಡುಗಡೆ ಸಿಗಬಹುದು.

ಬ್ಲೀಚಿಂಗ್ ಪುಡಿ ಹಾಕಿದ ದಿನ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಹಂತ 8: ಬಾಗಿಲು, ಚಿಲಕ

ಮಳೆಗಾಲದಲ್ಲಿ ಬಾಗಿಲು ಉಬ್ಬಿ ಬಿಗಿಯಾದರೆ ಆಗಲೇ ಬಡಿಗೇರರನ್ನು ಕರೆಸಿ ಕೀಸಿಸಬೇಡಿ. ಜನವರಿಯಲ್ಲಿ ಅದೇ ಬಾಗಿಲು ಒಣಗಿ ಸಂದು ಬಿಡುತ್ತದೆ. ಒಣಗಿದ ಮೇಲೂ ತಾಗಿದರೆ ಮಾತ್ರ ಕೀಸಿಸಿ, ಕೀಸಿದ ಅಂಚಿಗೂ ಬಾಗಿಲಿನ ತಳಕ್ಕೂ ವಾರ್ನಿಷ್ ಅಥವಾ ಆಯಿಲ್ ಪೇಂಟ್ ಹಚ್ಚಿಸಿ. ಬಾಗಿಲು ನೀರು ಕುಡಿಯುವುದು ಬಣ್ಣವಿಲ್ಲದ ಆ ಅಂಚುಗಳಿಂದಲೇ.

ಬಾಗಿಲು ಜೋತು ಬಿದ್ದಿದ್ದರೆ ಬಿಜಾಗರಿಯ (ಬಾಗಿಲ ಕೀಲಿನ) ಸ್ಕ್ರೂ ಸಡಿಲವಾಗಿದೆ. ಸ್ಕ್ರೂ ತೆಗೆದು, ತೂತಿಗೆ ಫೆವಿಕಾಲ್ ಅದ್ದಿದ ಕಟ್ಟಿಗೆಯ ಸಣ್ಣ ಕಡ್ಡಿ ತುರುಕಿ, ಒಂದು ದಿನ ಒಣಗಲು ಬಿಟ್ಟು ಮತ್ತೆ ಸ್ಕ್ರೂ ಹಾಕಿ. ಕಿರುಗುಟ್ಟಿದರೆ ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ. ಕೊಬ್ಬರಿ ಎಣ್ಣೆ ಬೇಡ, ಅದು ಧೂಳು ಹಿಡಿದು ಅಂಟಾಗುತ್ತದೆ.

ಹಳೆಯ ಬಾಗಿಲಿನ ಆಯಿಲ್ ಪೇಂಟನ್ನು ಉಜ್ಜುವ ಮುಂಚೆ ಇದನ್ನು ಓದಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣದಾಗಿ ಉಜ್ಜಿದರೆ ಆ ಧೂಳು ಮನೆಯೆಲ್ಲ ಹರಡುತ್ತದೆ. ನೀರು ಹಚ್ಚಿಕೊಂಡು ವಾಟರ್ ಪೇಪರ್‌ನಿಂದ ಉಜ್ಜಿ. ಸಣ್ಣ ಮಕ್ಕಳು, ಬಸುರಿಯರು ಆ ದಿನ ಮನೆಯಲ್ಲಿ ಇರುವುದು ಬೇಡ. ಕೆಳಗೆ ಹಾಸಿದ ಕಾಗದವನ್ನು ಸುಡಬೇಡಿ, ಚೀಲದಲ್ಲಿ ಕಟ್ಟಿ ಹಾಕಿ.

ತಲೆಬಾಗಿಲಿಗೆ ಮಾತ್ರ ಕೈ ಬಿಚ್ಚಿ ಖರ್ಚು ಮಾಡಿ. ಬೀಗ ತೆಗೆಯುವ ಆ ಅರ್ಧ ನಿಮಿಷ ಬಂದವರು ಬಾಗಿಲನ್ನೇ ನೋಡುತ್ತ ನಿಂತಿರುತ್ತಾರೆ. ಸಾಗವಾನಿ ಆಗಿದ್ದರೆ ಹಳೆ ಬಣ್ಣ ತೆಗೆಸಿ ಪಾಲಿಶ್ ಮಾಡಿಸಿ. ಹಿತ್ತಾಳೆ ಚಿಲಕವನ್ನು ಹುಣಸೆಹಣ್ಣಿನಿಂದ ತಿಕ್ಕಿ. ಹೊಸ್ತಿಲಿನ ಅರಿಷಿಣ ಕುಂಕುಮದ ಜಿಡ್ಡು ತೆಗೆದು ಹೊಸದಾಗಿ ಹಚ್ಚಿ. ಗೇಟಿನ ತುಕ್ಕಿಗೆ ತಂತಿ ಬ್ರಷ್, ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಆಯಿಲ್ ಪೇಂಟ್ ಎರಡು ಕೋಟು.

ಕರೆಂಟಿನ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ. ನೀವು ಪಟ್ಟಿ ಕೊಡಿ: ಸಡಿಲ ಸ್ವಿಚ್ಚು, ಒಡೆದ ಪ್ಲೇಟು, ಹಳದಿಯಾದ ಬೋರ್ಡು, ಉರಿಯದ ಬಲ್ಬು. ಹಸಿ ಗೋಡೆಯ ಮೇಲೆ ಸ್ವಿಚ್ ಬೋರ್ಡ್ ಇದ್ದರೆ ಅದನ್ನು ಮೊದಲು ತೋರಿಸಿ.

ಹಂತ 9: ಮನೆ ತೋರಿಸುವ ದಿನ

ಹಿಂದಿನ ದಿನವೇ ಎಲ್ಲ ಕಿಟಕಿ ತೆರೆದಿಡಿ. ಮುಚ್ಚಿದ ಮನೆಯ ವಾಸನೆಯನ್ನು ಊದಿನಕಡ್ಡಿಯಿಂದ ಮುಚ್ಚಲು ಆಗುವುದಿಲ್ಲ. ಅರ್ಧದಷ್ಟು ಸಾಮಾನು ಬೇರೆ ಕಡೆ ಸಾಗಿಸಿ. ಹಗಲು ಬೆಳಕಿನಲ್ಲಿ ಕರೆಯಿರಿ.

ನೋಟ್‌ಬುಕ್ ಕೈಯಲ್ಲಿರಲಿ. ಯಾವ ಗೋಡೆ ಸೋರುತ್ತಿತ್ತು, ಯಾವಾಗ ಏನು ಮಾಡಿಸಿದಿರಿ, ಅಕ್ಟೋಬರ್ ಮಳೆಗೆ ಏನಾಯಿತು, ಎಲ್ಲ ತಾರೀಕಿನ ಸಮೇತ ತೋರಿಸಿ. ರಿಪೇರಿಗೆ ಮುಂಚಿನ ಫೋಟೋ ಇದ್ದರೆ ಅದನ್ನೂ ತೋರಿಸಿ. ನಾವು ಪಡಸಾಲೆ ಗೋಡೆಯ ಕಥೆ ಪೂರ್ತಿ ಹೇಳಿದೆವು. ಬಂದವರು ಚೌಕಾಸಿ ಮಾಡಿದರು, ಮಾಡಲೇಬೇಕಲ್ಲ. ಆದರೆ ಆ ಗೋಡೆಯ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಕೇಳಲಿಲ್ಲ.

ಕೀಲಿ ಕೊಡುವ ದಿನ ಅಡುಗೆಮನೆ ಕಟ್ಟೆಯ ಮೇಲೆ ಇಷ್ಟು ಇಟ್ಟು ಬನ್ನಿ: ಉಳಿದ ಬಣ್ಣದ ಡಬ್ಬಗಳು, ಯಾವುದು ಯಾವ ಕೋಣೆಯದು ಅಂತ ಮುಚ್ಚಳದ ಮೇಲೆ ಬರೆದು. ತಾರಸಿ ಕೋಟಿಂಗಿನ ಬಿಲ್ಲು. ಮಿಕ್ಕ ಹಂಚು, ಮಿಕ್ಕ ಟೈಲ್ಸು. ಪ್ರತಿ ಕೀಲಿಗೆ ಒಂದು ಚೀಟಿ. ಮತ್ತು ಗೌಂಡಿಯ ಫೋನ್ ನಂಬರ್, ಅವರನ್ನು ಕೇಳಿಕೊಂಡು.